ಮೂವತ್ತನಾಲ್ಕರ ಪ್ಯಾಂಟು

ಪರದೇಶದ ಮಿಲ್ಟನ್ ಊರಿನ ಕನ್ನಡದ ಹೆಣ್ಣುಮಕ್ಕಳ ನಿಜವಾದ ಸುತ್ತಳತೆ ಬಲ್ಲವಳು ಗಿರಿಜವ್ವ ಒಬ್ಬಳೇ. ಬೇಸ್‌ಮೆಂಟಿನಲ್ಲಿ ಮಷೀನು ಹಾಕಿಕೊಂಡು ಜಂಪರು ಹೊಲಿಯುತ್ತಿದ್ದಳು. ಬಂದವರು ಬಾಯಲ್ಲಿ ಒಂದು ಅಳತೆ ಹೇಳುವರು. ಇವಳು ಹೂಂಗುಟ್ಟಿ, ಟೇಪು ಹೇಳಿದ್ದನ್ನು ಹೊಲಿದು, ಹೊರಗೆ ಬಾಯಿ ಬಿಡದೆ ವ್ಯಾಪಾರ ಉಳಿಸಿಕೊಂಡಿದ್ದಳು. ಹೆಂಗಸರು ಹೇಳುವುದು ಸುಳ್ಳು, ಅದು ಅವರಿಗೂ ಗೊತ್ತು. ಗಂಡಸರು ಮಾತ್ರ ತಮ್ಮ ಸುಳ್ಳನ್ನು ತಾವೇ ನಂಬಿರುತ್ತಾರೆ ಎಂಬುದು ಅವಳ ಲೆಕ್ಕ.

ಅದಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು. ಗಂಡ ನಿಜಗುಣ ೧೯೯೧ರಲ್ಲಿ ಧಾರವಾಡದಿಂದ ಬಂದಾಗ ಮೂವತ್ತನಾಲ್ಕರ ಪ್ಯಾಂಟು ಹಾಕುತ್ತಿದ್ದ, ೨೦೦೫ರಲ್ಲೂ ಅದೇ. ಬೋಲ್ಟನ್ನಿನ ವೇರ್‌ಹೌಸಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟಿನ ಮೇಲೆ ಕೂತು ಕೂತು ಹೊಟ್ಟೆ ಮುಂದೆ ಹೋಯಿತು. ಪ್ಯಾಂಟು ಅದರ ದಾರಿಗೆ ಅಡ್ಡ ಬಾರದೆ ಕೆಳಗಿಳಿಯಿತು.

ಆ ವರ್ಷ ಅವನ ಕಾಲು ಬಾತು, ರಕ್ತ ಹೆಪ್ಪುಗಟ್ಟಿದೆಯೆಂದು ಆಸ್ಪತ್ರೆಗೆ ಸೇರಿಸಿದರು. ನಾಲ್ಕು ಹಾಸಿಗೆಯ ಗಂಡಸರ ವಾರ್ಡು. ದಪ್ಪಗಿರುವ ರೋಗಿಗಳೆಷ್ಟೆಂದು ಸರ್ವೇ ಮಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ತನ್ನ ಕಾಗದದ ಪ್ರಕಾರ ಈ ಮಹಡಿಯಲ್ಲಿ ಹೆಂಗಸರೇ ಹೆಚ್ಚು ದಪ್ಪ ಎಂದಳು. ಗಿರಿಜವ್ವ ಎದುರಿನ ಮೂರು ಹಾಸಿಗೆಗಳಲ್ಲಿ ಗುಡ್ಡದಂತೆ ಎದ್ದಿದ್ದ ಹೊದಿಕೆಗಳನ್ನು ನೋಡಿ, ಗಂಡಸರನ್ನು ತೂಗಿದಿರೋ ಕೇಳಿದಿರೋ ಎಂದು ವಿಚಾರಿಸಿದಳು. ಹೆಂಗಸರನ್ನು ತೂಗಿದ್ದು, ಗಂಡಸರನ್ನು ಕೇಳಿದ್ದು, ಎಂದಳು ಹುಡುಗಿ.

ಅಷ್ಟರಲ್ಲಿ ನರ್ಸು ಬಂದು ತೂಕ ಕೇಳಿದಳು. ಇಂಜೆಕ್ಷನ್ನು ತೂಕಕ್ಕೆ ತಕ್ಕಂತೆ. ಕಮ್ಮಿಯಾದರೆ ಹೆಪ್ಪು ಎದೆಗೇರಬಹುದು ಎಂದೂ ತಿಳಿಸಿದಳು. ನಿಜಗುಣ ಕಣ್ಣು ಮಿಟುಕಿಸದೆ ಎಪ್ಪತ್ತನಾಲ್ಕು ಕಿಲೋ ಎಂದ. ಹದಿನಾಲ್ಕು ವರ್ಷದ ಹಿಂದೆ ವೀಸಾದ ಮೆಡಿಕಲ್ಲಿನಲ್ಲಿ ಬರೆದಿದ್ದ ತೂಕ ಅದು. ನರ್ಸು ಪೆನ್ನು ತೆಗೆದಳು.

ಗಿರಿಜವ್ವನದು ಯಾರ ಅಳತೆಯನ್ನೂ ಹೊರಗೆ ಬಿಡದ ಬಾಯಿ. ಇವನಾದರೋ ಗಂಡ, ಸುತ್ತ ಮೂವರು ಪರಗಂಡಸರು. ಆದರೆ ಪೆನ್ನು ಕಾಗದಕ್ಕೆ ತಾಗುತ್ತಿತ್ತು.

“ಸಿಸ್ಟರ್, ಡೋಂಟ್ ರೈಟ್. ವೇಯ್ ಹಿಮ್,” ಎಂದಳು.

ತಕ್ಕಡಿ ಗಾಲಿಯ ಮೇಲೆ ಬಂತು. ನೂರಾ ಮೂರು. ನರ್ಸು ಹೋಗಿ, ಮದ್ದು ಹೆಚ್ಚಿಸಿ ತಂದು ಚುಚ್ಚಿದಳು. ವಿದ್ಯಾರ್ಥಿನಿ ಉಳಿದ ಮೂರು ಹಾಸಿಗೆಗಳತ್ತ ತಕ್ಕಡಿ ತಿರುಗಿಸಿದಾಗ ಮೂವರಿಗೂ ಒಮ್ಮೆಲೇ ನಿದ್ದೆ ಬಂದಿತ್ತು.

ನಿಜಗುಣ ಹೊದಿಕೆಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡ.

“ಮಂದಿ ಮುಂದ ಮರ್ಯಾದಿ ಕಳದಿ. ಕನ್ನಡದಾಗ ಹೇಳಬೇಕಿತ್ತಿಲ್ಲ?”

“ಕನ್ನಡದಾಗ ಹೇಳಿದ್ರ ನಿಮಗಷ್ಟ ತಿಳೀತಿತ್ತು,” ಎಂದಳು ಗಿರಿಜವ್ವ, ಹೊದಿಕೆ ಸರಿಮಾಡುತ್ತ. “ಸೂಜಿ ಆಕೀ ಕೈಯಾಗಿತ್ತು.”