ಹೊಗೆಯಿಂದ ಒಂದು ಚಮಚ

ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಟೀಚರಮ್ಮ ನಲವತ್ತು ದಾಟಿದ ಮೇಲೆ ಆ ಕೆಲಸ ಬಿಟ್ಟು ಒಂದು ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿಕೊಂಡಳು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಗಂಡ ಬಸ್ ಡಿಪೋದಲ್ಲಿ ಬಣ್ಣ ಹೊಡೆಯುವವನು, ಮಾತು ಕಡಿಮೆ. "ಇಷ್ಟ ಇದ್ರೆ ಹೋಗು" ಅಂದ, ಅಷ್ಟೇ. ಮಾವ ಮಾತ್ರ ಬೆಳಗಿನ ಚಹಾ ಹೀರುತ್ತಾ ವಿಚಾರಿಸಿದರು.

"ಅಲ್ಲಿ ನಿಂಗೆ ಏನಮ್ಮಾ ಕೆಲಸ?"

"ಹೊಗೆಯಿಂದ ಉರುವಲು ಮಾಡೋದು ಮಾವ. ಬಿಸಿಲಲ್ಲಿಟ್ಟು."

ಚಹಾ ಮಾವನ ನೆತ್ತಿಗೇರಿತು. ಅವರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಾಯ್ಲರಿನ ಮುಂದೆ ನಿಂತೇ ಮುದುಕರಾದವರು. ಕೆಮ್ಮು ನಿಂತ ಮೇಲೆ ಕಣ್ಣೊರೆಸಿಕೊಂಡು ನಕ್ಕರು. "ನಾನು ಇಡೀ ಆಯಸ್ಸು ಇದ್ದಲು ಸುಟ್ಟು ಹೊಗೆ ಮಾಡ್ದೆ. ಈಗ ನನ್ನ ಸೊಸೆ ಅದನ್ನ ವಾಪಸ್ ಇದ್ದಲು ಮಾಡ್ತಾಳಂತೆ!" ಈ ಮಾತನ್ನು ಅವರು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು.

ಪ್ರಯೋಗಾಲಯದ ತಾರಸಿಯ ಮೇಲೆ ಚಪ್ಪಟೆಯಾದ ಗಾಜಿನ ಪಾತ್ರೆಗಳನ್ನು ಸೂರ್ಯನ ಕಡೆಗೆ ವಾಲಿಸಿ ಇಟ್ಟಿರುತ್ತಿದ್ದರು. ಒಳಗೆ ನೀರು, ನೀರಿನಲ್ಲಿ ಹಳದಿ ಪುಡಿ. ಸಿಲಿಂಡರಿನಿಂದ ಸಣ್ಣ ಕೊಳವೆಯಲ್ಲಿ, ಹೊಗೆಯಲ್ಲೂ ಇರುವ ಇಂಗಾಲದ ಡೈಆಕ್ಸೈಡ್ ಗುಳುಗುಳು ಏಳುತ್ತಿತ್ತು. ಬಿಸಿಲು ಬಿದ್ದಾಗ ಪುಡಿ ಆ ಅನಿಲವನ್ನೂ ನೀರನ್ನೂ ಮುರಿದು ಜೋಡಿಸಿ ಮೆಥನಾಲ್ ಮಾಡಬೇಕು. ಮೆಥನಾಲ್ ಅಂದರೆ ಸ್ಪಿರಿಟ್ಟಿನ ಹಾಗೆ ಉರಿಯುವ ದ್ರವ. ಸಂಜೆ ನೀರಿನ ಒಂದು ಹನಿಯನ್ನು ಕೆಳಗಿನ ಕೋಣೆಯ ಯಂತ್ರಕ್ಕೆ ಹಾಕಿದರೆ ಅದು ಪರದೆಯ ಮೇಲೆ ಗೆರೆ ಎಳೆಯುತ್ತದೆ. ಮೆಥನಾಲ್ ಇದ್ದರೆ ಗೆರೆ ಒಂದು ಕಡೆ ಗುಡ್ಡದ ಹಾಗೆ ಏಳುತ್ತದೆ.

ಗಂಡನ ಹಳೆಯ ಟೋಪಿ ಹಾಕಿಕೊಂಡು ದಿನವಿಡೀ ಪಾತ್ರೆಗಳನ್ನು ತಿರುಗಿಸುತ್ತಾ ಆಕಾಶ ನೋಡುತ್ತಿದ್ದ ಅವಳನ್ನು ಅಲ್ಲಿನವರು ಬಿಸಿಲಕ್ಕ ಎಂದು ಕರೆಯತೊಡಗಿದರು. ಹೆಸರು ಅವಳಿಗೂ ಹಿಡಿಸಿತು.

ಪುಡಿಯ ವಿಷಯ ಮಾವನಿಗೆ ಅರ್ಥಮಾಡಿಸಲು ಅವಳು ಒಂದು ಸಂಜೆ ಹೆಣಗಾಡಿದಳು. "ಅದಕ್ಕೆ ಕ್ರಿಯಾವರ್ಧಕ ಅಂತಾರೆ ಮಾವ. ಕೆಲಸ ಬೇಗ ಆಗೋ ಹಾಗೆ ಮಾಡುತ್ತೆ, ತಾನು ಮಾತ್ರ ಖರ್ಚಾಗಲ್ಲ."

"ಅಂದ್ರೆ ಮೇಸ್ತ್ರಿ ಅನ್ನು," ಅಂದರು ಮಾವ. "ಕೆಲಸ ಆಗುತ್ತೆ, ಅವನ ಕೈ ಮಾತ್ರ ಕೊಳೆಯಾಗಲ್ಲ."

ಬೇಸಿಗೆ ಕಳೆಯುವ ಹೊತ್ತಿಗೆ ಪರದೆಯ ಮೇಲೆ ಗುಡ್ಡ ಎದ್ದಿತು. ದಪ್ಪನೆಯ, ಚೆಂದದ ಗುಡ್ಡ. ಪ್ರಯೋಗಾಲಯದ ಮುಖ್ಯಸ್ಥರು ಮಗುವಿನ ಹಾಗೆ ಕುಣಿದಾಡಿದರು. ಎಲ್ಲೆಲ್ಲಿಗೋ ಫೋನ್ ಹೋಯಿತು. ನೋಡಲು ದೂರದಿಂದ ಜನ ಬರುತ್ತಾರೆಂದು ಗೊತ್ತಾಯಿತು. ಬಿಸಿಲಕ್ಕ ಮನೆಗೆ ಬಂದವಳು ಕಾರಣವಿಲ್ಲದೆ ಹಾಡು ಗುನುಗುತ್ತಾ ಕಿಟಕಿಗಳನ್ನೆಲ್ಲ ತೊಳೆದಳು.

ಅದೇ ವಾರ ಒಂದು ದಿನ ಬೆಳಗಿನಿಂದಲೇ ಮೋಡ ಕವಿದಿತ್ತು. ಬಿಸಿಲೇ ಇಲ್ಲವಲ್ಲ ಎಂದುಕೊಂಡೇ ಅವಳು ಸಂಜೆ ಹನಿ ಹಾಕಿದಳು. ಗುಡ್ಡ ಎದ್ದಿತು, ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ. ಬಿಸಿಲಿನಿಂದ ಆಗುವ ಕೆಲಸ ಮೋಡದ ದಿನ ಕಡಿಮೆಯಾಗಬೇಕಲ್ಲ?

ಮಾರನೆಯ ದಿನ ಯಾರಿಗೂ ಹೇಳದೆ ಒಂದು ಪಾತ್ರೆಗೆ ಇಂಗಾಲದ ಡೈಆಕ್ಸೈಡಿನ ಬದಲು ಸಾರಜನಕ ಬಿಟ್ಟಳು. ಸಾರಜನಕದಲ್ಲಿ ಇಂಗಾಲವೇ ಇಲ್ಲ. ಅದರಿಂದ ಮೆಥನಾಲ್ ಆಗುವ ಮಾತೇ ಇಲ್ಲ. ಆದರೂ ಗುಡ್ಡ ಎದ್ದಿತು. ಯಂತ್ರದ ಮುಂದೆ ಸ್ಟೂಲಿನ ಮೇಲೆ ಕುಳಿತು ಅವಳು ಯೋಚಿಸಿದಳು. ಪುಡಿ ತಯಾರಿಸುವಾಗ ಕೊನೆಗೆ ಅದನ್ನು ಮೆಥನಾಲಿನಲ್ಲೇ ತೊಳೆಯುತ್ತಿದ್ದರು. ತೊಳೆದು ಒಣಗಿಸುವವಳು ಅವಳೇ. ಒಣಗಿದೆ ಅಂದುಕೊಂಡದ್ದು ಒಣಗಿರಲಿಲ್ಲ. ಪುಡಿಯಲ್ಲಿನ, ಕಣ್ಣಿಗೆ ಕಾಣದ ತೂತುಗಳಲ್ಲಿ ಅಡಗಿ ಕುಳಿತದ್ದು ಈಗ ನೀರಿಗಿಳಿಯುತ್ತಿತ್ತು.

ಮುಖ್ಯಸ್ಥರ ಕೋಣೆಗೆ ಹೋಗಿ ನಿಂತಳು. "ಸರ್, ನಮ್ಮ ಮೆಥನಾಲ್ ಅನಿಲದಿಂದ ಬಂದಿದ್ದಲ್ಲ."

"ಮತ್ತೆ ಆಕಾಶದಿಂದ ಉದುರಿತಾ?"

"ಸಾರಜನಕ ಬಿಟ್ರೂ ಗುಡ್ಡ ಎದ್ದಿತು. ಪುಡಿ ತೊಳೆದ ಮೆಥನಾಲೇ ಒಳಗೆ ಉಳ್ಕೊಂಡಿತ್ತು. ನಾನೇ ತೊಳೆದಿದ್ದು ಸರ್."

ಅವರ ಮುಖ ಸಪ್ಪಗಾಯಿತು, ಆಮೇಲೆ ಕೆಂಪಾಯಿತು. "ನಾಡಿದ್ದು ಜನ ಬರ್ತಿದಾರೆ. ಬಂದು ಹೋಗ್ಲಿ, ಆಮೇಲೆ ನೋಡೋಣ."

"ಆಮೇಲೆ ಹೇಳೋದು ಇನ್ನೂ ಕಷ್ಟ ಆಗುತ್ತೆ ಸರ್."

ಅವರು ಎದ್ದು ಹೊರಗೆ ಹೋದರು. ಅವಳು ಕಾಲೆಳೆದುಕೊಂಡು ಮನೆಗೆ ಬಂದಳು. ಸೊಸೆಯ ಮುಖ ನೋಡಿಯೇ ಮಾವನಿಗೆ ಗೊತ್ತಾಯಿತು. ಎಲ್ಲ ಕೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು.

"ಹಾಗಾದ್ರೆ ಈ ಮೇಸ್ತ್ರಿ ಕೈ ಮೊದಲೇ ಕೊಳೆಯಾಗಿತ್ತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಮಾವ ಏನೂ ಕಾಣದವರ ಹಾಗೆ ಲೋಟ ತೊಳೆಯಲು ಒಳಗೆ ಹೋದರು.

ಬೆಳಿಗ್ಗೆ ಅವಳು ತಾರಸಿಗೆ ಹತ್ತಿದಾಗ ಮುಖ್ಯಸ್ಥರು ಆಗಲೇ ಅಲ್ಲಿದ್ದರು, ಅಂಗಿಯ ತೋಳು ಮಡಚಿಕೊಂಡು. "ಸಾರಜನಕ ಬಿಟ್ಟಿದ್ದನ್ನ ನನ್ನ ಕಣ್ಣೆದುರೇ ಇನ್ನೊಂದ್ಸಲ ಮಾಡಿ," ಅಂದರು. ಮಾಡಿದರು. ಗುಡ್ಡ ಮತ್ತೆ ಎದ್ದದ್ದನ್ನು ಇಬ್ಬರೂ ನೋಡಿದರು. ಮಾರನೆಯ ದಿನ ಬಂದವರ ಮುಂದೆ ಮುಖ್ಯಸ್ಥರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಒಬ್ಬರು ಗಡಿಯಾರ ನೋಡಿಕೊಂಡರು, ಮತ್ತೊಬ್ಬರು ಚಹಾ ಕೇಳಿದರು. ಅಷ್ಟಕ್ಕೇ ಮುಗಿಯಿತು. ಅವರೆಲ್ಲ ಹೋದ ಮೇಲೆ ಮುಖ್ಯಸ್ಥರು ಅವಳ ಕಡೆ ತಿರುಗಿ, "ಆ ರಾತ್ರಿಯೆಲ್ಲ ನಿಮ್ಮನ್ನ ಬೈಕೊಂಡೆ. ಬೆಳಗಾಗೋ ಹೊತ್ತಿಗೆ ಬೈಗುಳ ಖಾಲಿಯಾಗಿತ್ತು," ಅಂದರು.

ಮತ್ತೆ ಮೊದಲಿನಿಂದ. ಈ ಸಲ ಪುಡಿಗೆ ತಾಮ್ರದ ಕಣಗಳನ್ನು ಕೂರಿಸಿದರು, ಬರೀ ನೀರಿನಲ್ಲಿ ತೊಳೆದರು, ಕುಲುಮೆಯಲ್ಲಿಟ್ಟು ಚೆನ್ನಾಗಿ ಸುಟ್ಟರು. ತಿಂಗಳುಗಟ್ಟಲೆ ಪರದೆಯ ಮೇಲೆ ಗೆರೆ ಮಲಗಿಯೇ ಇತ್ತು. ಬಿಸಿಲಕ್ಕನ ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತು. ಶಾಲೆಗೇ ವಾಪಸ್ ಹೋಗಿಬಿಡಲೇ ಎಂದು ಎಷ್ಟೋ ಸಲ ಅನ್ನಿಸಿತು.

ಕೊನೆಗೊಂದು ಸಂಜೆ ಗೆರೆ ಸ್ವಲ್ಪ ಉಬ್ಬಿತು. ಹಿಂದಿನ ಗುಡ್ಡದ ಮುಂದೆ ಅದು ಇರುವೆ ಗೂಡು. ಅವಳು ಸಂತೋಷಪಡಲಿಲ್ಲ, ಸಾರಜನಕ ಬಿಟ್ಟು ನೋಡಿದಳು, ಗೆರೆ ಮಲಗಿತು. ಪಾತ್ರೆಗೆ ಕಪ್ಪು ಬಟ್ಟೆ ಸುತ್ತಿ ನೋಡಿದಳು, ಮಲಗಿತು. ಸಾಮಾನ್ಯ ಇಂಗಾಲಕ್ಕಿಂತ ತುಸು ಭಾರವಾದ, ಎಲ್ಲಿದ್ದರೂ ಗುರುತು ಸಿಗುವ ಇಂಗಾಲವಿದ್ದ ಅನಿಲ ತರಿಸಿ ಬಿಟ್ಟರು. ಆ ಭಾರದ ಇಂಗಾಲವೇ ಮೆಥನಾಲಿನಲ್ಲಿ ಸಿಕ್ಕಿತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಈ ಸಲ ಯಾರೂ ಕುಣಿಯಲಿಲ್ಲ. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಬಿಸಿಲಕ್ಕ ತಾರಸಿಯ ಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದಳು. ಮೈಯೆಲ್ಲ ಹಗುರವಾಗಿತ್ತು.

ಮುಂದಿನ ಬೇಸಿಗೆಯಿಡೀ ಕೂಡಿಟ್ಟು, ಬಟ್ಟಿ ಇಳಿಸಿದಾಗ ಒಂದು ಚಮಚದಷ್ಟಾಯಿತು. ಮಾವನನ್ನು ತಾರಸಿಗೆ ಕರೆದುಕೊಂಡು ಬಂದಳು. ಅವರು ಮೆಟ್ಟಿಲು ಮೆಟ್ಟಿಲಿಗೂ ನಿಂತು ಏದುಸಿರು ಬಿಡುತ್ತಾ ಹತ್ತಿದರು. ಪಿಂಗಾಣಿ ಬಟ್ಟಲಿಗೆ ಅರ್ಧ ಸುರಿದು ಅವಳು ಕಡ್ಡಿ ಗೀರಿದಳು.

"ಹತ್ತಲಿಲ್ಲ ಬಿಡಮ್ಮಾ," ಅಂದರು ಮಾವ, ಅವಳಿಗೆ ಬೇಜಾರಾಗದಿರಲಿ ಎನ್ನುವ ದನಿಯಲ್ಲಿ.

"ಹತ್ತಿದೆ ಮಾವ. ಬಿಸಿಲಲ್ಲಿ ಇದರ ಉರಿ ಕಾಣಲ್ಲ. ಮೇಲೆ ಕೈ ಹಿಡೀರಿ, ಹುಷಾರು."

ಅವರು ಅಂಗೈ ಚಾಚಿ ಥಟ್ಟನೆ ಹಿಂದಕ್ಕೆಳೆದುಕೊಂಡರು. "ಅಯ್ಯೋ ಇದರ! ಹೊಗೆ ಎಲ್ಲಿ?"

"ಹೊಗೆನೂ ಕಾಣಲ್ಲ. ಆದ್ರೆ ನಾವು ತಂದ ಅನಿಲ ಮತ್ತೆ ಗಾಳಿಗೇ ಹೋಗ್ತಿದೆ."

"ತಂದಷ್ಟೇ ಹೋಯ್ತಾ? ಜಾಸ್ತಿ ಇಲ್ವಾ?"

"ಜಾಸ್ತಿ ಇಲ್ಲ."

ಮಾವ ಬಟ್ಟಲಿನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತರು. ಉರಿ ಆರಿತೇ ಎಂದು ಮತ್ತೆ ಮತ್ತೆ ಕೈ ಚಾಚಿ ನೋಡಿದರು. ಬಟ್ಟಲು ತಣ್ಣಗಾಗುವವರೆಗೂ ಏಳಲಿಲ್ಲ.

ಊಟಕ್ಕೆ ಕುಳಿತಾಗ ಗಂಡ ಅಪರೂಪಕ್ಕೆ ಬಾಯಿ ಬಿಟ್ಟ. "ಒಂದು ಬಸ್ ಓಡಿಸೋಕೆ ಎಷ್ಟು ದೊಡ್ಡ ತಾರಸಿ ಬೇಕು?"

"ಈಗಿರೋ ಪುಡಿಗೆ ಊರಿನ ತಾರಸಿ ಎಲ್ಲ ಸೇರಿದ್ರೂ ಸಾಲಲ್ಲ ರೀ."

"ಹಾಗಾದ್ರೆ ಪುಡಿ ಬದಲಾಯ್ಸು," ಎಂದು ಅವನು ಊಟ ಮುಂದುವರಿಸಿದ.

ಪ್ರಯೋಗಾಲಯದವರು ಈಗಲೂ ಅದನ್ನೇ ಮಾಡುತ್ತಿದ್ದಾರೆ. ತಾರಸಿಯ ಮೇಲೆ ಪಾತ್ರೆಗಳು ಹೆಚ್ಚಾಗಿವೆ, ಚಮಚ ಲೋಟವಾಗಿದೆ, ಬಸ್ಸಿಗೆ ಇನ್ನೂ ಬಹಳ ದೂರ. ಬಿಸಿಲಕ್ಕನ ಮಂಡಿ ನೋಯುತ್ತದೆ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾಳೆ. ಹೊಸದಾಗಿ ಸೇರಿದವರು ಗುಡ್ಡ ಎದ್ದಿತೆಂದು ಓಡಿ ಬಂದರೆ, "ಸಾರಜನಕ ಬಿಟ್ಟು ನೋಡಿದ್ರಾ?" ಎಂದು ಮೆಲ್ಲಗೆ ಕೇಳುತ್ತಾಳೆ. ಅವರು ಸಪ್ಪೆ ಮುಖ ಮಾಡಿಕೊಂಡು ಮತ್ತೆ ಮೇಲೆ ಹೋಗುತ್ತಾರೆ.