ಕಾವಲಿನ ಕಲ್ಲು ನೆನೆದ ಮೂರು ಬೆಳಗು

ಮೊದಲಿಗೆ ನನ್ನ ವಿದ್ಯಾಗುರುಗಳ ಪಾದಗಳಿಗೆ ನಮಸ್ಕರಿಸುತ್ತೇನೆ. ಕಣ್ಣಾರೆ ಕಂಡದ್ದು, ಬೇರೆಯವರಿಂದ ಕೇಳಿದ್ದು, ತಾನೇ ಊಹಿಸಿದ್ದು, ಈ ಮೂರನ್ನೂ ಎಂದಿಗೂ ಬೆರೆಸಬಾರದೆಂದು ಅವರು ನನಗೆ ಹನ್ನೆರಡು ವರ್ಷ ಕಲಿಸಿದರು. ಆ ಬಳಿಕ, ನನಗೆ ಇಷ್ಟು ಕಾಲ ಅನ್ನವಿಟ್ಟ ಹಿರಿಯೂರು ಸೀಮೆಯ ನೆಲಕ್ಕೆ, ಸಂಜೆಯ ಹೊತ್ತು ನನ್ನ ಓದನ್ನು ತಾಳ್ಮೆಯಿಂದ ಕೇಳಿದ ಜನಕ್ಕೆ, ಎಲ್ಲಕ್ಕೂ ಸಾಕ್ಷಿಯಾಗಿರುವ ಪರಮಾತ್ಮನಿಗೆ ಕೃತಜ್ಞತೆ ಸಲ್ಲಿಸಿ ಈ ಸಂಗತಿಯನ್ನು ಬರೆಯಲು ತೊಡಗುತ್ತೇನೆ.

ಪವಾಡಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ತ್ರಿಕಾಲ ಸಂಧ್ಯೆ ಮಾಡುವವನು ಹೀಗೆನ್ನುವನೇ ಎಂದು ಓದುಗರು ಹುಬ್ಬೇರಿಸಬಹುದು. ದೇವರಲ್ಲಿ ನಂಬಿಕೆ ಇದ್ದವನಿಗೆ ಪವಾಡದ ಅಗತ್ಯವಿಲ್ಲವೆಂಬುದೇ ನನ್ನ ನಿಲುವಾಗಿತ್ತು. ಒಮ್ಮೆ ಪಕ್ಕದ ಊರಿನಲ್ಲಿ ದೇವರ ವಿಗ್ರಹ ಬೆವರುತ್ತಿದೆಯೆಂದು ಜನ ಮುಗಿಬಿದ್ದಾಗ, ನಾನೇ ಹೋಗಿ, ಗರ್ಭಗುಡಿಯ ಹಿಂದೆ ಹೊಸದಾಗಿ ಕಟ್ಟಿದ್ದ ನೀರಿನ ತೊಟ್ಟಿ ಸೋರುತ್ತಿರುವುದನ್ನು ತೋರಿಸಿ ಬಂದಿದ್ದೆ. ಆ ಊರಿನವರು ಮತ್ತೆ ನನ್ನನ್ನು ಪ್ರವಚನಕ್ಕೆ ಕರೆಯಲಿಲ್ಲ.

ಇದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದ ಮಾತು. ಸಂಸ್ಕೃತ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ, ಜವನಗೊಂಡನಹಳ್ಳಿಯ ಕಡೆಯ ಒಂದು ಸಣ್ಣ ಊರಿನಲ್ಲಿ, ಆಂಜನೇಯನ ಗುಡಿಯ ಪಕ್ಕದ ಕೋಣೆಯಲ್ಲಿ ನಾನು ವಾಸವಾಗಿದ್ದೆ. ಪತ್ನಿ ತೀರಿಕೊಂಡು ಆರು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ದಿನವೂ ಸಂಜೆ ಗುಡಿಯ ಜಗಲಿಯ ಮೇಲೆ ವ್ಯಾಸಪೀಠವಿಟ್ಟು ಕಾವ್ಯ ಓದಿ ಅರ್ಥ ಹೇಳುತ್ತಿದ್ದೆ. ಮೂವತ್ತು ನಲವತ್ತು ಜನ ಬಂದು ಕೂರುತ್ತಿದ್ದರು. ಇಡೀ ದಿನದಲ್ಲಿ ನಾನು ಇನ್ನೊಬ್ಬ ಮನುಷ್ಯನೊಡನೆ ಮಾತನಾಡುತ್ತಿದ್ದುದು ಆ ಒಂದು ತಾಸು ಮಾತ್ರ.

ಊರಿನ ಪಡುವಣಕ್ಕೆ ದೊಡ್ಡ ಕಾವಲು. ದನ ಕುರಿಗಳು ಮೇಯಲೆಂದು ಹಿಂದಿನಿಂದಲೂ ಬಿಟ್ಟ ಬಯಲು ಅದು. ಜಾಲಿ, ಕವಳೆ, ಬಂದರೆ ಗಿಡಗಳ ಪೊದೆಗಳು, ನಡುನಡುವೆ ಆನೆಯ ಬೆನ್ನಿನಂತೆ ಎದ್ದ ಬಂಡೆಗಳು. ಒಂದು ವರ್ಷ ಸುಗ್ಗಿ ಕಳೆದ ಮೇಲೆ ಅಲ್ಲಿಗೆ ಯಂತ್ರದ ಲಾರಿಗಳು ಬಂದವು. ಕೊಳವೆಬಾವಿ ಕೊರೆಯುವವರು ಕಲ್ಲನ್ನು ಪುಡಿಮಾಡಿ ಹೊರಚೆಲ್ಲುತ್ತಾರೆ, ಇವರು ಹಾಗಲ್ಲ. ಆಳದ ಕಲ್ಲನ್ನು ಮುಂಗೈ ಗಾತ್ರದ ದುಂಡನೆಯ ತುಂಡುಗಳಾಗಿ ನುಣ್ಣಗೆ ಕೊರೆದು ತೆಗೆದು, ಪ್ರತಿ ತುಂಡಿಗೂ ಬಣ್ಣದಲ್ಲಿ ಅಂಕಿ ಬರೆದು, ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು. ನೀರು ಬೇಡದ ಈ ಕೊರೆತ ಏತಕ್ಕೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಕೆಲವು ತಿಂಗಳ ನಂತರ, ಅಣುಸ್ಥಾವರಗಳಲ್ಲಿ ಉಳಿಯುವ ವಿಷತ್ಯಾಜ್ಯವನ್ನು ಸಾವಿರಾರು ವರ್ಷ ಹೂಳಿಡಲು ಬಿರುಕಿಲ್ಲದ, ನೀರಿಲ್ಲದ ಕಲ್ಲನ್ನು ಹುಡುಕುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಅಧಿಕಾರಿಗಳು ಅದನ್ನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಅದು ಯಾರಿಗೂ ಬೇಡದ ಪಾಳುನೆಲ, ಕೆಳಗೆ ಒಣಗಲ್ಲು ಎಂದಷ್ಟೇ ಹೇಳಿದರು.

ಊರು ಎದ್ದು ನಿಂತಿತು. ಮುಂದಾಳು ಪಾತಲಿಂಗಪ್ಪ. ಇನ್ನೂರು ಕುರಿಗಳ ಒಡೆಯ, ನನ್ನ ಓದಿಗೆ ಒಂದು ದಿನವೂ ತಪ್ಪಿಸದೆ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದವನು. ಕಾವಲು ಹೋದರೆ ಅವನ ಮಂದೆ ಹೋಯಿತು. ಅವನಂಥ ಐವತ್ತು ಮನೆಗಳ ಬದುಕು ಹೋಯಿತು. ಹೊಸದುರ್ಗ, ಹೊಳಲ್ಕೆರೆಯಿಂದಲೂ ಜನ ಬಂದು ಜೊತೆಗೂಡಿದರು. ಮನವಿಗಳನ್ನೆಲ್ಲ ನಾನೇ ಬರೆದುಕೊಟ್ಟೆ. ಚಿತ್ರದುರ್ಗದ ಕಚೇರಿಗೆ ಅವರೊಡನೆ ಹೋಗಿಬಂದೆ.

ಹೀಗಿರುವಾಗ ಪಾತಲಿಂಗಪ್ಪನ ದೊಡ್ಡಮ್ಮ ಕರಿಯಮ್ಮ ಒಂದು ಕೆಲಸ ಮಾಡಿದಳು. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂದ. ಯಂತ್ರದವರು ಡೇರೆ ಬದಲಿಸುವಾಗ ಬಿಟ್ಟುಹೋದ ಒಂದು ಕಲ್ಲಿನ ತುಂಡು ಕಾವಲಿನಲ್ಲಿ ಅವಳ ಕಾಲಿಗೆ ತೊಡರಿತು. ಗೇಣುದ್ದದ, ದುಂಡನೆಯ, ತಲೆ ಉರುಟಾದ ಆ ಕಲ್ಲನ್ನು ತಡವಿ ನೋಡಿ, ಶಿವನೇ ನೆಲದಿಂದ ಎದ್ದು ಬಂದಿದ್ದಾನೆಂದು ತಿಳಿದು, ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಕುರಿಯ ಹಾಲೆರೆದು, ಭಂಡಾರದ ಅರಿಸಿನ ಬಳಿದು, ಹಟ್ಟಿಯ ಮುಂದೆ ಕಂಬಳಿಯ ಮೇಲೆ ಸ್ಥಾಪಿಸಿಬಿಟ್ಟಳು. ಎರಡೇ ದಿನದಲ್ಲಿ ಸುತ್ತಲಿನ ಹಳ್ಳಿಗಳಿಂದ ಹಣ್ಣು ಕಾಯಿ ಬರತೊಡಗಿದವು.

ಪಾತಲಿಂಗಪ್ಪನಿಗೆ ಅದು ಯಂತ್ರದ ಕಲ್ಲೆಂದು ಗೊತ್ತಿತ್ತು. ಭಂಡಾರದ ಕೆಳಗೆ ಬಣ್ಣದ ಅಂಕಿ ಅರೆಬರೆಯಾಗಿ ಕಾಣುತ್ತಿತ್ತು. ಆದರೂ ಒಂದು ಮಧ್ಯಾಹ್ನ ಅವನು ನಾಲ್ಕು ಜನರೊಡನೆ ನನ್ನ ಕೋಣೆಗೆ ಬಂದ.

"ಮೇಷ್ಟ್ರೇ, ಮುಂದಿನ ವಾರ ಹಿರಿಯೂರಾಗೆ ಅಹವಾಲು ಸಭೆ ಐತೆ. ಇದು ಉದ್ಭವ ಲಿಂಗ, ಹಳೇ ಕಾಲ್ದಿಂದ ಈ ಜಾಗ ಕ್ಷೇತ್ರ ಅಂತ ನೀವೊಂದು ಎಲ್ಡು ಪುಟ ಬರ್ಕೊಡ್ರಿ. ಸಭೇಲಿ ಎದ್ದು ನಿಂತು ಅಷ್ಟು ಓದಿಬಿಡ್ರಿ, ಸಾಕು."

"ಅದು ಯಂತ್ರ ಕೊರೆದ ಕಲ್ಲು ಕಣಪ್ಪ. ನಿನಗೂ ಗೊತ್ತು," ಎಂದೆ.

"ಗೊತ್ತೈತೆ. ಆದ್ರೆ ನಾನು ಹೇಳಿದ್ರೆ ಕುರಿ ಕಾಯೋನ ಮಾತು. ನೀವು ಹೇಳಿದ್ರೆ ಶಾಸ್ತ್ರ. ನಾಕು ತಾಲ್ಲೂಕು ನಂಬ್ತಾವೆ. ಆಮೇಲೆ ಯಾವ ಸರ್ಕಾರ ಅಲ್ಲಿ ಗುದ್ದಲಿ ಹಾಕ್ತೈತೆ?"

ಅವನ ಜೊತೆಗಿದ್ದವನೊಬ್ಬ ನಕ್ಕು, "ದಿನಾ ನಮಗೆ ಆಕಾಶದಾಗೆ ರಥ ಹಾರ್ತು ಅಂತ ಓದ್ತೀರಿ, ನಾವೇನು ಟಿಕೇಟು ಕೇಳಿದೀವಾ? ಇದೊಂದು ಸುಳ್ಳು ನಿಮಗೆ ಭಾರ ಆತೇನ್ರಿ?" ಎಂದ.

ಆ ಮಾತು ನನಗೆ ನಾಟಿತು. ಕಾವ್ಯವನ್ನು ಕಾವ್ಯವೆಂದು ಓದುವುದು ಬೇರೆ, ನಾನು ಬಲ್ಲೆನೆಂದು ಸಾಕ್ಷಿ ನುಡಿಯುವುದು ಬೇರೆ ಎಂದು ವಿವರಿಸಲು ನೋಡಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಪಾತಲಿಂಗಪ್ಪ ಹೊಸ್ತಿಲು ದಾಟುವಾಗ ತಿರುಗಿ ನೋಡದೆ, "ನಡೀರಿ ಹೋಗಾಣ. ಇವರಿಗೆ ಕುರಿಯಿಲ್ಲ, ಮರಿಯಿಲ್ಲ. ಕಾವಲು ಇದ್ರೇನು, ಹೋದ್ರೇನು," ಎಂದ.

ಆ ಸಂಜೆ ಜಗಲಿಗೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಓದನ್ನು ನಡುವೆ ನಿಲ್ಲಿಸಬಾರದೆಂಬ ನಿಯಮವಿದ್ದುದರಿಂದ ನಾನು ದೀಪ ಹಚ್ಚಿ, ಖಾಲಿ ಜಗಲಿಗೆ ಓದಿದೆ, ಅರ್ಥವನ್ನೂ ಹೇಳಿದೆ. ಪಾತಲಿಂಗಪ್ಪ ಒರಗುತ್ತಿದ್ದ ಕಂಬದ ಮೇಲೆ ಅವನ ತಲೆಯ ಎಣ್ಣೆಯ ಗುರುತಿತ್ತು. ಪತ್ನಿ ತೀರಿಕೊಂಡ ದಿನಗಳಲ್ಲಿ ಕೂಡ ನನಗೆ ಅಷ್ಟು ಒಂಟಿತನವೆನಿಸಿರಲಿಲ್ಲ.

ಮೂರನೆಯ ಸಂಜೆ ಕರಿಯಮ್ಮ ಕೋಲೂರಿಕೊಂಡು ಒಬ್ಬಳೇ ಬಂದಳು. ಸೆರಗು ಬಿಚ್ಚಿ ಆ ಕಲ್ಲನ್ನು ನನ್ನ ಮುಂದಿಟ್ಟಳು.

"ಸಾಮಿ, ಇದು ದೇವ್ರಲ್ಲ ಅಂದ್ರಂತೆ. ನನಗೆ ಓದು ಬರಾಕಿಲ್ಲ. ನಿಮ್ಮತ್ರನೇ ಇಟ್ಕಳ್ರಿ. ದೇವ್ರಾಗಿದ್ರೆ ನಿಮಗೇ ಹೇಳ್ತೈತೆ. ಅಲ್ದಿದ್ರೆ ಕಲ್ಲು, ವಾಪಸ್ ಕಾವಲಿಗೆ ಎಸೀರಿ. ಇನ್ನೊಬ್ರ ಮಾತು ನೀವು ಆಡಬ್ಯಾಡ್ರಿ."

ಅವಳನ್ನು ಕೂರಿಸಿ ನೀರು ಕೊಟ್ಟೆ. ಕುಡಿದು, "ನಮ್ಮತ್ತೆ ಆ ಕಾವಲಿನ ಬಂಡೆ ಬುಡದಾಗೆ ಬೊಗಸೇಲಿ ನೀರು ಕುಡಿದಿದ್ಲಂತೆ. ನಾನು ಕಂಡಿಲ್ಲಪ್ಪ," ಎಂದು ಹೇಳಿ ಎದ್ದುಹೋದಳು. ಕಾಣದ್ದನ್ನು ಕಂಡಿಲ್ಲವೆನ್ನಲು ಅವಳಿಗೆ ಯಾವ ಗುರುವೂ ಹನ್ನೆರಡು ವರ್ಷ ಕಲಿಸಿರಲಿಲ್ಲ.

ಕಲ್ಲನ್ನು ಪೂಜೆಯ ಗೂಡಿನಲ್ಲಿಡಲು ನನಗೆ ಮನಸ್ಸಾಗಲಿಲ್ಲ. ನೆಲದ ಮೇಲಿಡಲೂ ಆಗಲಿಲ್ಲ. ಒಂದು ಮಣೆ ಹಾಕಿ ಅದರ ಮೇಲಿಟ್ಟೆ. ಬೆಳಗಿನ ಜಾವ ಎದ್ದಾಗ ಮಣೆಯ ಮೇಲೆ ನೀರು ನಿಂತಿತ್ತು.

ಅದು ಬಿರುಬೇಸಿಗೆ. ಮಳೆಯಿಲ್ಲ, ಇಬ್ಬನಿಯಿಲ್ಲ. ಮೊದಲು ಸೂರನ್ನು ನೋಡಿದೆ, ಒಣಗಿತ್ತು. ನನ್ನ ಚೊಂಬು ದೂರದಲ್ಲಿ, ಮುಚ್ಚಿದಂತೆಯೇ ಇತ್ತು. ಬೆಕ್ಕು ಬರುವ ಕಿಂಡಿಯೂ ಇರಲಿಲ್ಲ. ಕಲ್ಲನ್ನು ಒರೆಸಿ, ಹಗಲೆಲ್ಲ ಬಿಸಿಲಿನಲ್ಲಿಟ್ಟು, ರಾತ್ರಿ ಒಣ ಪಂಚೆಯಲ್ಲಿ ಸುತ್ತಿ, ಕಬ್ಬಿಣದ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮಲಗಿದೆ. ಎರಡನೆಯ ಬೆಳಗು ಪಂಚೆ ತೊಯ್ದಿತ್ತು. ಟ್ರಂಕಿನಲ್ಲಿದ್ದ ಪುಸ್ತಕಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಬೆರಳಿನಿಂದ ನಾಲಿಗೆಗೆ ಹಚ್ಚಿ ನೋಡಿದೆ. ನಮ್ಮೂರಿನ ನೀರೆಲ್ಲ ಸವಳಾಗಿ, ಉಪ್ಪುಪ್ಪಾಗಿ ಇರುತ್ತದೆ. ಇದು ಸಿಹಿನೀರು, ಬಹಳ ತಣ್ಣಗಿತ್ತು.

ಆ ಸಂಜೆ ಪಾತಲಿಂಗಪ್ಪನ ಹಟ್ಟಿಗೆ ಹೋಗಿ, ರಾತ್ರಿ ನನ್ನೊಡನೆ ಕಾದಿರಬೇಕೆಂದು ಬೇಡಿಕೊಂಡೆ. ಬಂದ. ಇಬ್ಬರೂ ಮಣೆಯ ಎರಡು ಕಡೆ ಕುಳಿತೆವು. ಕೋಳಿ ಕೂಗುವವರೆಗೂ ಕಲ್ಲು ಒಣಗಿಯೇ ಇತ್ತು. ಅವನು ಎದ್ದು, ಕಂಬಳಿ ಕೊಡವಿ, "ಹೋಗ್ಲಿ ಬಿಡ್ರಿ ಮೇಷ್ಟ್ರೇ, ನಿಮಗೂ ವಯಸ್ಸಾತು," ಎಂದು ಮೊದಲ ಬಾರಿಗೆ ಮೃದುವಾಗಿ ಹೇಳಿ ಹೊರಟುಹೋದ. ಅವನನ್ನು ಗುಡಿಯ ಮೂಲೆಯವರೆಗೆ ಕಳಿಸಿ ಒಳಗೆ ಬಂದೆ. ಕಲ್ಲಿನ ನೆತ್ತಿಯಿಂದ ಒಂದು ಎಳೆಯಂತೆ ನೀರು ಇಳಿಯುತ್ತಿತ್ತು. ಅದನ್ನು ಕಣ್ಣಾರೆ ಕಂಡೆ. ಹೊರಗೆ ಓಡಿ ಕೂಗಿದೆ. ಅವನಾಗಲೇ ಹಟ್ಟಿಯ ದಾರಿಯಲ್ಲಿ ದೂರ ಸಾಗಿದ್ದ.

ಅಂದೇ ಹಿರಿಯೂರಿನ ಸಭೆ. ಕಲ್ಲನ್ನು ಕೈಚೀಲದಲ್ಲಿಟ್ಟುಕೊಂಡು ಹೋದೆ. ನನ್ನ ಹೆಸರು ಕರೆದಾಗ ಎದ್ದು ನಿಂತೆ. ಪಾತಲಿಂಗಪ್ಪ ಮುಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದ. ಉದ್ಭವ ಎಂಬ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಇಷ್ಟು ಕಂಡ ಮೇಲೆ ಅದು ಸುಳ್ಳು ಹೇಗಾದೀತು ಎಂದು ಮನಸ್ಸು ವಾದಿಸಿತು. ಕೊನೆಗೆ ನಾನು ಹೇಳಿದ್ದು ಇಷ್ಟು: "ಇದು ಯಂತ್ರ ಕೊರೆದ ಕಲ್ಲು. ಇದನ್ನು ಲಿಂಗವೆಂದು ನಾನು ಹೇಳಲಾರೆ. ಮೂರು ಬೆಳಗು ನನ್ನ ಕೋಣೆಯಲ್ಲಿ ಇದು ನೆನೆದಿದೆ. ಕಾರಣ ನನಗೆ ತಿಳಿಯದು. ಒಣಗಲ್ಲೆಂದು ನೀವು ಬರೆದುಕೊಂಡಿದ್ದರೆ, ನಾನು ಕಂಡದ್ದು ಹಾಗಿಲ್ಲವೆಂದೂ ಬರೆದುಕೊಳ್ಳಿ."

ಹಿಂದಿನಿಂದ ಯಾರೋ ನಕ್ಕರು. ನಮ್ಮವರು ತಲೆ ತಗ್ಗಿಸಿದರು. ಸಭೆ ಮುಗಿದ ಮೇಲೆ, ಕೊರೆತದವರ ಕಡೆಯ ಭೂವಿಜ್ಞಾನಿಯೊಬ್ಬರು ನನ್ನನ್ನು ಹುಡುಕಿಕೊಂಡು ಹೊರಗಿನ ಬೇವಿನ ಮರದ ಕೆಳಗೆ ಬಂದರು. ನಡುವಯಸ್ಸಿನ, ಮಿತಭಾಷಿ. ಕಲ್ಲನ್ನು ಕೇಳಿ ಪಡೆದು, ಹೆಬ್ಬೆರಳಿನಿಂದ ಭಂಡಾರ ಉಜ್ಜಿ, ಅಂಕಿಯನ್ನು ಬಹಳ ಹೊತ್ತು ನೋಡಿದರು.

"ಸ್ವಾಮಿ, ನೆನೆದ ಬಟ್ಟೆ ಇಟ್ಟಿದ್ದೀರಾ?"

ಮೈಲಿಗೆಯಾಗದಿರಲೆಂದು ಆ ಪಂಚೆಯನ್ನು ಅದು ನೆನೆದ ಬೆಳಗ್ಗೆಯೇ ಜಾಲಿಸಿ, ಮಡಿಗೋಲಿನ ಮೇಲೆ ಹರವಿದ್ದೆ.

"ನೀರು?"

ಮಣೆಯ ಮೇಲಿನ ನೀರನ್ನೂ ಪಂಚೆಯಿಂದ ಹಿಂಡಿದ್ದನ್ನೂ ಮೂರು ಬೆಳಗೂ ತುಳಸಿಗೆ ಎರೆದಿದ್ದೆ. ಐವತ್ತು ವರ್ಷಗಳ ಅಭ್ಯಾಸ. ಕೈ ತಾನಾಗಿ ಮಾಡಿಬಿಟ್ಟಿತ್ತು. ಒಂದು ಸೀಸೆಯಲ್ಲಿ ಹಿಡಿದಿಡಬೇಕೆಂಬ ಆಲೋಚನೆ ಒಮ್ಮೆಯೂ ಬಂದಿರಲಿಲ್ಲ. ನಾಚಿಕೆಯಿಂದ ಅದನ್ನು ಹೇಳಿದೆ. ಅವರು ನಗಲಿಲ್ಲ. ಜೇಬಿನ ಪುಸ್ತಕದಲ್ಲಿ ಕಲ್ಲಿನ ಅಂಕಿಯನ್ನು ಬರೆದುಕೊಂಡು, ಕಲ್ಲನ್ನು ಎರಡು ಕೈಯಿಂದ ನನಗೆ ಹಿಂದಿರುಗಿಸಿ ಹೋದರು.

ಆ ರಾತ್ರಿ ಒಂದು ಒಣ ಬಟ್ಟೆಯನ್ನೂ ತೊಳೆದು ಒಣಗಿಸಿದ ಸೀಸೆಯನ್ನೂ ಪಕ್ಕದಲ್ಲಿಟ್ಟುಕೊಂಡು ಕಾದೆ. ಕಲ್ಲು ನೆನೆಯಲಿಲ್ಲ. ಮತ್ತೆಂದೂ ನೆನೆಯಲಿಲ್ಲ.

ಎರಡು ತಿಂಗಳಾದ ಮೇಲೆ ಯಂತ್ರಗಳು ಹೊರಟುಹೋದವು. ಕೊರೆದ ಕುಳಿಗಳ ಬಾಯಿಗೆ ಸಿಮೆಂಟು ಹಾಕಿದ್ದರು. ಏಕೆ ಹೋದರೆಂದು ಯಾರೂ ತಿಳಿಸಲಿಲ್ಲ. ಜನರ ವಿರೋಧದಿಂದಲೋ, ಭೂವಿಜ್ಞಾನಿ ಬರೆದುಕೊಂಡ ಆ ಒಂದು ಅಂಕಿಯಿಂದಲೋ, ಬೇರೆಲ್ಲೋ ಇನ್ನೂ ಒಣಗಿದ ಕಲ್ಲು ಸಿಕ್ಕಿತೋ, ನಾನರಿಯೆ. ಊರಿನವರು ಮಾತ್ರ ಲಿಂಗದ ಮಹಿಮೆ ಎಂದರು. ನಾನು ಹೌದೆನ್ನಲಿಲ್ಲ, ಆದರೆ ಮೊದಲಿನಂತೆ ಅಲ್ಲವೆಂದು ಹೇಳುವ ಧೈರ್ಯವೂ ನನ್ನಲ್ಲಿ ಉಳಿದಿರಲಿಲ್ಲ. ಕಲ್ಲನ್ನು ಕರಿಯಮ್ಮನಿಗೆ ಹಿಂದಿರುಗಿಸಿದೆ. "ಏನಂತು ಸಾಮಿ?" ಎಂದು ಕೇಳಿದಳು. "ಏನೋ ಹೇಳಿತಮ್ಮ, ನನಗೆ ಅರ್ಥವಾಗಲಿಲ್ಲ," ಎಂದೆ. ಅವಳು ತೃಪ್ತಿಯಿಂದ ತಲೆದೂಗಿದಳು.

ಪಾತಲಿಂಗಪ್ಪ ಒಂದು ಸಂಜೆ ಬಂದು ತನ್ನ ಕಂಬಕ್ಕೆ ಒರಗಿ ಕುಳಿತ. "ಎಲ್ಲಿಗೆ ಬಂದಿದ್ವಿ ಮೇಷ್ಟ್ರೇ?" ಎಂದ. ನಾನೊಬ್ಬನೇ ಓದಿದ್ದ ಭಾಗವನ್ನೆಲ್ಲ ಬಿಟ್ಟು, ಅವನು ಎದ್ದುಹೋಗಿದ್ದ ಪುಟದಿಂದಲೇ ಮತ್ತೆ ಆರಂಭಿಸಿದೆ.

ಈಗ ಅವರಲ್ಲಿ ಹಲವರಿಲ್ಲ. ಆ ಬೆಳಗುಗಳ ವಿಷಯ ಮಾತನಾಡಲು ನನಗೆ ಯಾರೂ ಉಳಿದಿಲ್ಲ, ಅದಕ್ಕಾಗಿಯೇ ಬರೆದೆ. ಕಾವಲನ್ನು ಕಾದವರಿಗೆ ಒಳಿತಾಗಲಿ. ಕೊರೆಯಲು ಬಂದವರಿಗೂ ಒಳಿತಾಗಲಿ, ಅವರೂ ಯಾರದೋ ಮಾತಿಗೆ ಬಂದವರು. ನಗದೆ ಅಂಕಿ ಬರೆದುಕೊಂಡವರಿಗೆ, ನಕ್ಕವರಿಗೆ, ಕರಿಯಮ್ಮನ ಸಂತತಿಗೆ, ಅವಳ ಕುರಿಗಳ ಸಂತತಿಗೆ ಮಂಗಳವಾಗಲಿ. ಆ ಬಂಡೆಯ ಕೆಳಗೆ ನೀರಿದ್ದರೆ ಅದು ತಣ್ಣಗಿರಲಿ. ಇಲ್ಲವಾದರೆ, ಮೂರು ಬೆಳಗು ನನ್ನ ಕೋಣೆಗೆ ಬಂದದ್ದು ಎಲ್ಲಿಂದ ಬಂದಿತೋ, ಆ ಎಡೆಗೂ ನನ್ನ ನಮಸ್ಕಾರ.