ಹಿಂದಿನ ಚಕ್ರದ ನಿಂಬೆಹಣ್ಣು

ಮೈಲೇಜ್ ಎಷ್ಟು ಕೊಡುತ್ತೆ ಅಂತ ನಮ್ಮ ಮನೆಯವರು ಕೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಏರಿನಲ್ಲಿ ನಿಲ್ಲಿಸಿದ್ರೆ ಹಿಂದಕ್ಕೆ ಜಾರುತ್ತಾ?"

ರಿಂಗ್ ರೋಡಿನ ಪಕ್ಕ ಸೆಕೆಂಡ್ ಹ್ಯಾಂಡ್ ಕಾರು ಮಾರುವ ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಐವತ್ತೈದು ದಾಟಿದ ಹೆಂಗಸು, ಕೈಯಲ್ಲಿ ಸೊಪ್ಪಿನ ಚೀಲ. "ಡಾಕ್ಟರ್ ಗಾಡಿ ಮೇಡಂ, ಮನೆಗೂ ಆಸ್ಪತ್ರೆಗೂ ಅಷ್ಟೇ ಓಡಿರೋದು" ಅಂದ. ಬೆಳಗ್ಗೆಯಿಂದ ನಾವು ನೋಡಿದ ಮೂರನೇ ಡಾಕ್ಟರ್ ಗಾಡಿ ಅದು. ಈ ಊರಿನ ಡಾಕ್ಟರುಗಳೆಲ್ಲ ಕಾರು ಮಾರಿ ನಡೆದುಕೊಂಡೇ ಓಡಾಡ್ತಿದ್ದಾರೇನಪ್ಪ ಅನ್ನೋ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

"ಜಾರುತ್ತಾ ಇಲ್ವಾ, ಅದನ್ನ ಹೇಳಿ."

"ಎಲ್ಲಾ ಗಾಡೀನೂ ಸ್ವಲ್ಪ ಜಾರುತ್ತೆ ಮೇಡಂ. ಹಾಫ್ ಕ್ಲಚ್ಚಲ್ಲಿ ಹಿಡ್ಕೋಬೇಕು."

"ಹಾಗಾದ್ರೆ ಬೇಡ" ಅಂತ ಎದ್ದುಬಿಟ್ಟೆ. ಇವರು ಹಿಂದೆಯೇ ಬಂದರು. ಯಾಕೆ ಬೇಡ ಅಂತ ಇವರಿಗೆ ಕೇಳುವ ಅಗತ್ಯವಿರಲಿಲ್ಲ.

ನಾನು ಸ್ಟೀರಿಂಗ್ ಮುಟ್ಟಿ ಹದಿನಾಲ್ಕು ವರ್ಷವಾಗಿತ್ತು. ಲೈಸೆನ್ಸ್ ಮಾತ್ರ ತಪ್ಪದೆ ರಿನ್ಯೂ ಮಾಡಿಸಿಕೊಂಡು ಬಂದಿದ್ದೆ, ಎಲ್ಲಾದರೂ ಗುರುತಿಗೆ ತೋರಿಸೋಕೆ ಆಗುತ್ತೆ ಅಂತ. ಅದರಲ್ಲಿರುವ ಫೋಟೋದ ಹೆಂಗಸಿಗೆ ಇದ್ದ ಧೈರ್ಯ ನನಗಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ನಡೆದದ್ದು ಇಷ್ಟು. ನಮ್ಮ ಮೊದಲ ಕಾರು ಬಂದ ದಿನ, ಗಿರಿನಗರದ ನಮ್ಮ ಮನೆ ಹತ್ತಿರದ ಗಣೇಶನ ಗುಡಿ ಮುಂದೆ ಪೂಜೆ ಇಟ್ಟುಕೊಂಡಿದ್ದೆವು. ಆ ರಸ್ತೆ ಏರು. ಅರ್ಚಕರು ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕುಂಬಳಕಾಯಿ ನಿವಾಳಿಸಿ ಒಡೆದು, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. "ಮನೆ ಲಕ್ಷ್ಮಿ ಓಡಿಸಲಿ" ಅಂದರು ಯಾರೋ. ಲಕ್ಷ್ಮಿ ಹತ್ತಿ ಕೂತಳು. ಹೊಸದಾಗಿ ಕಲಿತ ಹುರುಪು ಬೇರೆ. ಕ್ಲಚ್ ಬಿಟ್ಟೆ. ಗಾಡಿ ಮುಂದೆ ಹೋಗೋದು ಬಿಟ್ಟು ಹಿಂದಕ್ಕೆ ಬಂತು. ಹಿಂದಿನಿಂದ "ಅಯ್ಯೋ ಅಮ್ಮಾ" ಅಂತ ಕೂಗು. ಇಳಿದು ನೋಡಿದರೆ ನಮ್ಮ ಅತ್ತೆ ರಸ್ತೆಯ ಮೇಲೆ ಕೂತಿದ್ದರು. ಎಡಪಾದದ ಮೂಳೆ ಮುರಿದಿತ್ತು.

ಆಸ್ಪತ್ರೆ ತಲುಪುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು, ಇವಳು ರಿವರ್ಸ್ ಗೇರ್ ಹಾಕಿಬಿಟ್ಟಳು ಅಂತ. ನಾನು ಹಾಕಿದ್ದೆನಾ? ನಿಜವಾಗಿ ಗೊತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಆ ಕತೆ ಕೇಳಿ ಕೇಳಿ, ಕಡೆಗೆ ನನ್ನ ಕೈಗೇ ಆ ರಿವರ್ಸ್ ಗೇರಿನ ನೆನಪು ಬಂದುಬಿಟ್ಟಿತ್ತು. ಅತ್ತೆ ಮಾತ್ರ ಒಂದು ದಿನವೂ ಬೈಯಲಿಲ್ಲ. "ಹೋಗ್ಲಿ ಬಿಡು" ಅನ್ನೋರು, ಅಷ್ಟೇ. ಬೈದಿದ್ದರೆ ಜಗಳವಾಡಿ ಮುಗಿಸಿಕೊಳ್ಳಬಹುದಿತ್ತು. ಮೋಡ ಕವಿದ ದಿನ ಅವರು ಸುಮ್ಮನೆ ಪಾದ ನೀವಿಕೊಂಡರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಕಾರನ್ನು ಇವರೇ ಓಡಿಸಿದರು. ನಾನು ಬಸ್ ಸ್ಟಾಪಿನಲ್ಲಿ ನಿಂತೆ.

ಎರಡು ವರ್ಷದ ಹಿಂದೆ ಇವರ ಕಣ್ಣಿಗೆ ಗ್ಲಾಕೋಮಾ ಅಂದರು. ಪಕ್ಕದಿಂದ ಬರುವ ಸ್ಕೂಟರು ಕಾಣುತ್ತಿರಲಿಲ್ಲ. ಕಾರು ಮಾರಿದೆವು. ಅದೂ ಹೇಗೋ ನಡೆಯಿತು. ಆಮೇಲೆ ಅತ್ತೆಯವರ ಬಲಮಂಡಿ ಆಪರೇಷನ್ ಆಯಿತು. ಎಂಬತ್ತೆರಡು ವರ್ಷ. ವಾರಕ್ಕೆ ಮೂರು ದಿನ ಹುಳಿಮಾವಿಗೆ ಕರೆದುಕೊಂಡು ಹೋಗಿ ಫಿಸಿಯೋಥೆರಪಿ ಮಾಡಿಸಲೇಬೇಕು, ಇಲ್ಲದಿದ್ದರೆ ಮಂಡಿ ಬಿಗಿದುಕೊಳ್ಳುತ್ತೆ ಅಂದಿದ್ದರು ಡಾಕ್ಟರು. ಆಟೋ ಹತ್ತಲು ಅವರಿಗೆ ಕಾಲು ಎತ್ತೋಕೆ ಆಗುತ್ತಿರಲಿಲ್ಲ. ಕ್ಯಾಬ್ ಬುಕ್ ಮಾಡಿದರೆ, ಬರ್ತೀನಿ ಬರ್ತೀನಿ ಅಂತ ಹತ್ತು ನಿಮಿಷ ಕಾಯಿಸಿ ಕ್ಯಾನ್ಸಲ್. ಒಂದು ಬೆಳಗ್ಗೆ ಮೂರು ಕ್ಯಾಬು ಹಾಗೇ ಕೈಕೊಟ್ಟವು. ವಾಕರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದ ಅತ್ತೆ, "ಬೇಡ ಬಿಡು. ನಾನು ನಡೆದು ಎಲ್ಲಿಗೆ ಹೋಗಬೇಕಾಗಿದೆ" ಅಂತ ಒಳಗೆ ಹೋಗಿ ಮಲಗಿಬಿಟ್ಟರು. ಎರಡು ವಾರ ತಪ್ಪಿತು. ಹೇಗೋ ಒಂದು ದಿನ ಡಾಕ್ಟರಿಗೆ ತೋರಿಸಿದಾಗ ಅವರು ಮಂಡಿಯನ್ನು ಮಡಚಿ ನೋಡಿ, "ಇನ್ನೊಂದು ತಿಂಗಳು ಹೀಗೆ ಬಿಟ್ಟರೆ ಇಷ್ಟೇ" ಅಂದರು.

ಅವತ್ತು ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಒಂದು ಕಾಲನ್ನು ನಾನು ಓಡಿಸಿ ಕೆಡಿಸಿದ್ದೆ. ಇನ್ನೊಂದು ನಾನು ಓಡಿಸದೆ ಕೆಡುತ್ತಿತ್ತು.

ಡ್ರೈವಿಂಗ್ ಹೇಳಿಕೊಡುವ ಒಬ್ಬಾಕೆಯನ್ನು ಹಿಡಿದೆ. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು, ಹೆಂಗಸರಿಗೆ ಮಾತ್ರ ಕಲಿಸುತ್ತಿದ್ದಳು. ಅವಳ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಮೊದಲ ದಿನ ಅವಳು ಅದನ್ನು ಒತ್ತಿದಷ್ಟು ಸಲ ನಾನು ನನ್ನದನ್ನು ಒತ್ತಿರಲಾರೆ. ಜೆ.ಪಿ. ನಗರದ ಒಳರಸ್ತೆಗಳಲ್ಲಿ ಆಮೆ ಹಾಗೆ ಹೋಗುತ್ತಿದ್ದೆ. ಹಾಲಿನವರು, ಸ್ಕೂಲ್ ಬಸ್ಸು, ಎದುರಿಂದ ರಾಂಗ್ ಸೈಡಲ್ಲಿ ಬರುವ ಡೆಲಿವರಿ ಸ್ಕೂಟರು, ಎಲ್ಲರೂ ನನಗೇ ಕಾದು ಕೂತಿದ್ದರು ಅನಿಸುತ್ತಿತ್ತು. ಬೆವರಿಗೆ ಸ್ಟೀರಿಂಗ್ ಜಾರೋದು.

ನಾಲ್ಕನೇ ದಿನ ಅವಳು ಕೇಳಿದಳು, "ಅಕ್ಕಾರ, ನೀವು ಮುಂದ ನೋಡೂದಕ್ಕಿಂತ ಕನ್ನಡಿನ್ಯಾಗ ಹಿಂದ ನೋಡೂದ ಜಾಸ್ತಿ ಐತಲ್ರಿ. ಯಾಕ್ರಿ?"

ಹೇಳಿದೆ. ಪೂಜೆ, ನಿಂಬೆಹಣ್ಣು, ಅತ್ತೆಯ ಕಾಲು, ಎಲ್ಲ. ಅವಳು ನಗಲಿಲ್ಲ. "ಅಂಜಬ್ಯಾಡ್ರಿ. ನಿಮಗ ಆಟೋಮ್ಯಾಟಿಕ್ ಗಾಡಿ ಬೇಕು. ಅದ್ರಾಗೂ ಏರಿನ್ಯಾಗ ತಾನಽ ಹಿಡ್ಕೊಂಡು ನಿಲ್ಲೂ ಅಂಥಾದ್ದು. ಹಂಗ ಇರ್ತಾವು" ಅಂದಳು.

ಇರ್ತಾವೆ, ಆದರೆ ನಮ್ಮ ಕೈಗೆ ಎಟುಕಬೇಕಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಇವರು ದಿನಕ್ಕೆರಡು ಸಲ ನೆನಪಿಸುತ್ತಿದ್ದರು. ನಮ್ಮ ಹಾಸಿಗೆಗೆ ಬರುತ್ತಿದ್ದುದು ಕ್ಲಚ್ಚಿರುವ ಹಳೇ ಗಾಡಿಗಳು. ಆಟೋಮ್ಯಾಟಿಕ್ ಅಂದರೆ ಒಂದೋ ಬೆಲೆ ಕೇಳಿ ಎದ್ದು ಬರಬೇಕು, ಇಲ್ಲಾ ಒಳಗೆ ಕೂತರೆ ಏನೋ ಗಡಗಡ ಸದ್ದು. ನೆಂಟರೊಬ್ಬರು ಹೊಸದೇ ತಗೊಳ್ಳಿ, ಸಾಲ ಕೊಡ್ತಾರೆ ಅಂದರು. ಇನ್ನೊಬ್ಬರು ಈ ವಯಸ್ಸಲ್ಲಿ ಯಾಕೆ ಬೇಕು, ಡ್ರೈವರ್ ಇಟ್ಕೊಳ್ಳಿ ಅಂದರು. ಡ್ರೈವರನ ಸಂಬಳ ಅವರು ಕೊಡ್ತಾರಾ? ಕೇಳಲಿಲ್ಲ. ದಿನ ಕಳೆಯುತ್ತಿತ್ತು, ಅತ್ತೆಯ ಮಂಡಿ ಬಿಗಿಯುತ್ತಿತ್ತು, ನನಗೆ ಕಾರುಗಳ ಕನಸು ಬೀಳುತ್ತಿತ್ತು. ಎಲ್ಲವೂ ಹಿಂದಕ್ಕೇ ಬರುತ್ತಿದ್ದವು.

ಕೊನೆಗೆ ಸಿಕ್ಕಿದ್ದು ಜೆ.ಪಿ. ನಗರದ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ. ಮಗಳ ಊರಿಗೆ ಹೊರಟಿದ್ದರು, ಗಾಡಿ ಮಾರಬೇಕಿತ್ತು. ಚಿಕ್ಕ ಆಟೋಮ್ಯಾಟಿಕ್, ಎಡಬಾಗಿಲಲ್ಲಿ ಒಂದು ನೆಗ್ಗು, ಬಣ್ಣ ಬದನೆಕಾಯಿಯದು. ಇವರು ಬಣ್ಣ ನೋಡಿ ಮುಖ ಸಿಂಡರಿಸಿದರು. ನಾನು ಬಣ್ಣ ನೋಡಲೇ ಇಲ್ಲ. ಬಾಗಲಕೋಟೆಯಾಕೆಯನ್ನು ಪಕ್ಕ ಕೂರಿಸಿಕೊಂಡು ಗಿರಿನಗರದ ಏರಿಗೆ ತಂದೆ. ಅರ್ಧ ಏರಿ ನಿಲ್ಲಿಸಿದೆ.

"ಈಗ ಬ್ರೇಕಿನ ಮ್ಯಾಲಿಂದ ಕಾಲ ತಗೀರಿ."

"ಆಗಲ್ಲ ಕಣಮ್ಮ."

"ನಾ ಅದೀನಿ. ತಗೀರಿ."

ತೆಗೆದೆ. ಗಾಡಿ ಅಲ್ಲಾಡಲಿಲ್ಲ. "ಮೂರು ಎಣಸೂಮಟ ಹಿಡ್ಕೊಂತೈತಿ. ಅಷ್ಟರಾಗ ಆಕ್ಸಿಲರೇಟರ್ ಒತ್ತಬೇಕ್ರಿ" ಅಂದಳು. ಮೂರೇನಾ ಅಂದೆ. ಮೂರು ಸಾಕ್ರಿ ಅಂದಳು. ಆ ಏರಿನಲ್ಲಿ ಹನ್ನೆರಡು ಸಲ ನಿಲ್ಲಿಸಿ ಹತ್ತಿಸಿದೆ. ಪಕ್ಕದ ಮನೆ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಕೆಲಸ ಬಿಟ್ಟು ನೋಡುತ್ತಾ ನಿಂತರು. ಅವತ್ತೇ ಅಡ್ವಾನ್ಸ್ ಕೊಟ್ಟುಬಿಟ್ಟೆ.

ಗಾಡಿ ಮನೆಗೆ ಬಂದಿತು. ಸೋಮವಾರವೇ ಹುಳಿಮಾವಿಗೆ ಹೋಗೋಣ ಅಂದುಕೊಂಡಿದ್ದೆ. ಅತ್ತೆ ಮಂಚದಲ್ಲಿ ಕೂತೇ, "ಪೂಜೆ ಆಗದೆ ನಾನು ಹತ್ತಲ್ಲ" ಅಂದರು.

"ಸೆಕೆಂಡ್ ಹ್ಯಾಂಡ್ ಗಾಡಿಗೆ ಎಂಥಾ ಪೂಜೆ ಅತ್ತೆ?"

"ಸೆಕೆಂಡ್ ಹ್ಯಾಂಡಿಗೇ ಬೇಕು. ಯಾರ್ಯಾರ ಕಣ್ಣು ಬಿದ್ದಿದ್ಯೋ. ಅದೇ ಗುಡಿ ಮುಂದೆ ಆಗಬೇಕು."

ಅದೇ ಗುಡಿ. ಬೇಕಂತಲೇ ಮಾಡ್ತಿದ್ದಾರೆ, ಇಷ್ಟು ವರ್ಷ ಸುಮ್ಮನಿದ್ದು ಈಗ ಸೇಡು ತೀರಿಸಿಕೊಳ್ತಿದ್ದಾರೆ ಅಂತ ಇವರ ಹತ್ತಿರ ಕೂಗಾಡಿದೆ. ನಿಂಬೆಹಣ್ಣಿನ ಮೇಲೆ ಬೇಕಾದರೆ ಅರ್ಚಕರೇ ಓಡಿಸಲಿ ಅಂದೆ. ಇವರು ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುತ್ತಾ, "ಅಮ್ಮ ಹಠ ಹಿಡಿದರೆ ಬಿಡಲ್ಲ, ಗೊತ್ತಲ್ಲ" ಅಂದರು.

ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಮುಗಿಯಬೇಕು. ಮನೆಯಿಂದ ಗುಡಿಗೆ ನಾನೇ ಗಾಡಿ ತಂದೆ, ಅತ್ತೆಯನ್ನು ಇವರು ನಿಧಾನ ನಡೆಸಿಕೊಂಡು ಬಂದರು. ಅದೇ ಏರು, ಅದೇ ಹೊಂಗೆ ಮರ, ಅರ್ಚಕರು ಮಾತ್ರ ಆಗಿನವರ ಮಗ. ಕುಂಬಳಕಾಯಿ ಒಡೆಯಿತು. ನಾಲ್ಕು ನಿಂಬೆಹಣ್ಣು ಬಂದು ಕೂತವು. ಹತ್ತಿ ಕೂತೆ. ಗಾಜಿಳಿಸಿ, "ಹಿಂದೆ ಯಾರೂ ಇಲ್ವಲ್ಲ?" ಅಂತ ಕೇಳಿದೆ. ಇಲ್ಲ ಅಂದರು. ಇನ್ನೊಂದು ಸಲ ಕೇಳಿದೆ. ಮೂರನೇ ಸಲ ಕೇಳುವಾಗ ಎಡಗಡೆ ಬಾಗಿಲು ತೆರೆಯಿತು. ವಾಕರನ್ನು ಇವರ ಕೈಗೆ ಕೊಟ್ಟು, ಸೀಟು ಹಿಡಿದುಕೊಂಡು, ಉಸಿರು ಬಿಡುತ್ತಾ ಅತ್ತೆ ಒಳಗೆ ಕೂತರು.

"ಒಳಗೆ ಕೂತ್ರೆ ನನ್ನ ಕಾಲು ನಿನಗೆ ಸಿಗಲ್ಲ" ಅಂದರು.

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಮಗನಿಗೆ ಹೇಳಿದರು, "ಹಿಂದಿನ ಚಕ್ರದ ಹಣ್ಣು ಉರುಳಿ ಹೋದ್ರೆ ಹೋಗ್ಲಿ. ಎತ್ತೋಕೆ ಬಗ್ಗಬೇಡ." ಆಮೇಲೆ ಗಾಜು ಏರಿಸು ಅಂತ ನನಗೆ ಸನ್ನೆ ಮಾಡಿದರು. ಏರಿಸಿದೆ.

"ಅವತ್ತು ನಾನು ಬಗ್ಗಿದ್ದೆ" ಅಂದರು.

"ಏನು?"

"ಹಿಂದಿನ ಚಕ್ರದ ಹಣ್ಣು ಜಾರಿ ಗಾಡಿಯ ಹಿಂದೆ ಉರುಳಿ ಹೋಗಿತ್ತು. ಮೂರೇ ಒಡೆದರೆ ಅಪಶಕುನ ಅಂತ, ಯಾರಿಗೂ ಹೇಳದೆ ಎತ್ಕೊಳ್ಳೋಕೆ ಹೋದೆ. ನೀನು ಕ್ಲಚ್ಚು ಬಿಟ್ಟೆ. ಗಾಡಿ ಒಂದು ಗೇಣು ಹಿಂದಕ್ಕೆ ಬಂತು, ಆಮೇಲೆ ನಿಂತಿತು. ರಿವರ್ಸ್ ಹಾಕಿದ್ರೆ ನಾನು ಇರ್ತಿದ್ನಾ?"

"ಯಾಕೆ ಹೇಳ್ಲಿಲ್ಲ ಅತ್ತೆ?"

"ನೋವು ಇಳಿಯೋಷ್ಟರಲ್ಲಿ ಎಲ್ಲರೂ ರಿವರ್ಸ್ ಅಂದಾಗಿತ್ತು. ಒಂದು ನಿಂಬೆಹಣ್ಣಿಗೆ ಕಾಲು ಮುರ್ಕೊಂಡಳು ಮುದುಕಿ ಅಂತ ನಗ್ತಾರೆ ಅನ್ನಿಸ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಆಮೇಲೆ ಅಂತ ಹಾಗೇ ಹೋಯ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಸಮಾಧಾನ ಆಯಿತು ಅಂತ ಬರೆದರೆ ಸುಳ್ಳಾಗುತ್ತೆ. ನೆನೆಯುತ್ತಾ ನಿಂತ ಬಸ್ ಸ್ಟಾಪುಗಳು, ಎಲ್ಲಿಗೆ ಹೋಗಬೇಕೆಂದರೂ ಇವರ ಬಿಡುವು ಕೇಳಿಕೊಂಡು ಕೂತ ಭಾನುವಾರಗಳು, ಮದುವೆಮನೆಯ ನಗು, ಎಲ್ಲ ಒಟ್ಟಿಗೆ ನೆನಪಾದವು. ಇಳಿದು ಹೋಗಿಬಿಡೋಣ ಅನಿಸಿತು. ಹೊರಗೆ ಅರ್ಚಕರು ಗಡಿಯಾರ ತೋರಿಸುತ್ತಾ, ಬಿಡಿ ಅಮ್ಮ, ಹೊತ್ತಾಯ್ತು ಅಂತ ಕೈ ಆಡಿಸುತ್ತಿದ್ದರು. ಪಕ್ಕದಲ್ಲಿ ಅತ್ತೆ ಬಲಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತಿದ್ದರು. ಬೆರಳುಗಳು ಸೀರೆಯನ್ನು ಬಿಗಿಯಾಗಿ ಹಿಡಿದಿದ್ದವು. ಹೆದರಿಕೆ ನನ್ನೊಬ್ಬಳಿಗೇ ಅಂದುಕೊಂಡಿದ್ದೆ.

ಬ್ರೇಕಿನಿಂದ ಕಾಲು ತೆಗೆದೆ. ಒಂದು. ಎರಡು. ಆಕ್ಸಿಲರೇಟರ್ ಒತ್ತಿದೆ. ಪಟ್ ಅಂತ ಒಂದು, ಆಮೇಲೆ ಎರಡು, ಮೂರು. ಗಾಡಿ ಏರಿತು.

"ಮೂರೇ ಕೇಳಿಸ್ತು" ಅಂದರು ಅತ್ತೆ.

"ನನಗೂ ಮೂರೇ ಕೇಳಿಸ್ತು."

ನಿಲ್ಲಿಸಲಿಲ್ಲ. ಏರಿನ ತುದಿಗೆ ಬಂದು ಎಡಕ್ಕೆ ಇಂಡಿಕೇಟರ್ ಹಾಕಿದೆ. ಕನ್ನಡಿಯಲ್ಲಿ ವಾಕರ್ ಹಿಡಿದು ನಿಂತ ನಮ್ಮ ಮನೆಯವರು ಚಿಕ್ಕದಾಗಿ ಕಂಡರು. ಬಾನೆಟ್ಟಿನ ಮೇಲೆ ಹಾರ ಹಾಗೇ ಇತ್ತು. ನನ್ನ ಎಡಗಾಲಿಗೆ ಈ ಗಾಡಿಯಲ್ಲಿ ಕೆಲಸವಿಲ್ಲ, ಅದು ಸುಮ್ಮನೆ ಕ್ಲಚ್ ಹುಡುಕುತ್ತಿತ್ತು.

"ಎಲ್ಲಿಗೆ ಹೊರಟೆ?"

"ಹುಳಿಮಾವಿಗೆ. ನಿಮ್ಮ ಮಂಡಿ ಮಡಚಿಸೋಕೆ."

"ರಾಹುಕಾಲ ಶುರುವಾಯ್ತು ಕಣೇ."

"ನನಗೆ ಹದಿನಾಲ್ಕು ವರ್ಷದಿಂದ ಇತ್ತು ಅತ್ತೆ. ಇನ್ನೊಂದೂವರೆ ಗಂಟೆ ಇದ್ರೆ ಇರಲಿ."

ಸ್ವಲ್ಪ ದೂರ ಹೋದ ಮೇಲೆ ಅತ್ತೆ, ಹುಡುಕಿ ಹುಡುಕಿ, ಸೀಟ್ ಬೆಲ್ಟ್ ಎಳೆದು ಹಾಕಿಕೊಂಡರು.